ಸುಲ್ತಾನನ ಒಲವು, ಚರಿತ್ರೆಕಾರನ ಲೇಖನಿ

1311ರ ಫೆಬ್ರವರಿ ಕೊನೆಯಲ್ಲಿ ದಿಲ್ಲಿಯ ಸೈನ್ಯ ದ್ವಾರಸಮುದ್ರದ ಕೋಟೆಯ ಮುಂದೆ ಬಂದು ಬೀಡುಬಿಟ್ಟಾಗ ಅದರ ದಳಪತಿಯಾಗಿದ್ದವನು ಮಲಿಕ್ ಕಾಫೂರ್. ಹೊಯ್ಸಳರ ಕಥೆ ಓದಿದ ಕನ್ನಡಿಗರಿಗೆಲ್ಲ ಈ ಹೆಸರು ಪರಿಚಿತ. ಅವನನ್ನು ಕಳುಹಿಸಿದ ಅಲ್ಲಾವುದ್ದೀನ್ ಖಿಲ್ಜಿಗೂ ಅವನಿಗೂ ಇದ್ದ ನಂಟು ರಾಜ ಮತ್ತು ಸೇನಾನಿಯ ನಂಟು ಮಾತ್ರವೇ ಆಗಿತ್ತೇ ಎಂಬ ಪ್ರಶ್ನೆ ಶಾಲೆಯ ಪುಸ್ತಕಗಳಲ್ಲಿ ಬರುವುದಿಲ್ಲ. ಆದರೆ ಹದಿನಾಲ್ಕನೆಯ ಶತಮಾನದ ಚರಿತ್ರೆಕಾರರೇ ಈ ಪ್ರಶ್ನೆ ಎತ್ತಿದ್ದರು. ತಮ್ಮದೇ ಉತ್ತರವನ್ನೂ ಕೊಟ್ಟಿದ್ದರು.

ಸುಲ್ತಾನರ ಮತ್ತು ಮೊಗಲರ ಕಾಲದ ಪರ್ಷಿಯನ್ ಬರಹಗಳಲ್ಲಿ ಗಂಡು ಗಂಡಿನ ನಡುವಿನ ಒಲವಿನ ಪ್ರಸ್ತಾಪ ಅಪರೂಪವೇನಲ್ಲ. ಅದು ಕಾವ್ಯದಲ್ಲಿದೆ, ಆಸ್ಥಾನದ ಚರಿತ್ರೆಯಲ್ಲಿದೆ, ಸೂಫಿ ಸಂತರ ಜೀವನಕಥೆಗಳಲ್ಲಿದೆ, ಒಬ್ಬ ಬಾದಶಾಹನ ಆತ್ಮಕಥೆಯಲ್ಲೂ ಇದೆ. ಈ ನಾಲ್ಕು ಬಗೆಯ ಬರಹಗಳ ಉದ್ದೇಶ ಬೇರೆ ಬೇರೆ. ಕವಿಗೆ ಆದರ್ಶ ಬೇಕು, ಚರಿತ್ರೆಕಾರನಿಗೆ ಒಂದು ಮನೆತನ ಉರುಳಿದ್ದಕ್ಕೆ ಕಾರಣ ಬೇಕು, ಸಂತನ ಶಿಷ್ಯನಿಗೆ ಗುರುವಿನ ಮಹಿಮೆ ಸಾರಬೇಕು. ಆದ್ದರಿಂದ ಇಬ್ಬರು ಗಂಡಸರ ನಡುವೆ ಏನಿತ್ತು ಎಂದು ಕೇಳುವ ಮೊದಲು, ಅದನ್ನು ಬರೆದಿಟ್ಟವರು ಯಾರು, ಎಷ್ಟು ವರ್ಷಗಳ ನಂತರ, ಯಾರ ಮೇಲಿನ ಸಿಟ್ಟಿನಿಂದ ಅಥವಾ ಪ್ರೀತಿಯಿಂದ ಬರೆದರು ಎಂದು ಕೇಳಬೇಕಾಗುತ್ತದೆ.

ಈ ಪರಂಪರೆಯ ಮೂಲಜೋಡಿ ಘಜ್ನಿಯ ಮಹಮೂದ್ ಮತ್ತು ಅವನ ತುರ್ಕಿ ಗುಲಾಮ ಅಯಾಜ್. ಮಹಮೂದ್ 998ರಿಂದ 1030ರವರೆಗೆ ಆಳಿದ. ಸೋಮನಾಥದ ದಾಳಿಯಿಂದಾಗಿ ಭಾರತದಲ್ಲಿ ಅವನ ನೆನಪು ಕಹಿಯಾದದ್ದು. ಪರ್ಷಿಯನ್ ಸಾಹಿತ್ಯದಲ್ಲಿ ಮಾತ್ರ ಅದೇ ಮಹಮೂದ್ ಪ್ರೇಮಿಯ ಮಾದರಿ. ಹನ್ನೆರಡನೆಯ ಶತಮಾನದ ನಡುವಿನಲ್ಲಿ ನಿಜಾಮಿ ಅರೂಜಿ ಬರೆದ ‘ಚಹಾರ್ ಮಖಾಲ’ದಲ್ಲಿ ಒಂದು ಪ್ರಸಂಗವಿದೆ. ಕುಡಿತದ ಕೂಟದಲ್ಲಿ ಅಯಾಜನ ಉದ್ದನೆಯ ಗುಂಗುರು ಕೂದಲನ್ನು ನೋಡಿ ಸುಲ್ತಾನನ ಮನಸ್ಸು ಚಂಚಲವಾಯಿತು. ಪಾಪಕ್ಕೆ ಹೆದರಿದ ಅವನು ಅಯಾಜನ ಕೈಗೆ ಚೂರಿ ಕೊಟ್ಟು ಕೂದಲು ಕತ್ತರಿಸಲು ಹೇಳಿದ. ಎಲ್ಲಿಂದ ಕತ್ತರಿಸಲಿ ಎಂದು ಕೇಳಿದ್ದಕ್ಕೆ ಅರ್ಧಕ್ಕೆ ಎಂದ. ಅಯಾಜ್ ಜಡೆಯನ್ನು ಎರಡಾಗಿ ಮಡಚಿ, ಮರುಮಾತಿಲ್ಲದೆ ಕತ್ತರಿಸಿ ಎದುರಿಗಿಟ್ಟ. ಮರುದಿನ ಅಮಲು ಇಳಿದಾಗ ಸುಲ್ತಾನನಿಗೆ ವಿಪರೀತ ಪಶ್ಚಾತ್ತಾಪ. ಹತ್ತಿರ ಸುಳಿಯಲು ಯಾರಿಗೂ ಧೈರ್ಯವಿಲ್ಲ. ಕಡೆಗೆ ಆಸ್ಥಾನಕವಿ ಉನ್ಸುರಿ ಸಮಯೋಚಿತವಾಗಿ ಒಂದು ಚೌಪದಿ ಕಟ್ಟಿ ಹೇಳಿ ಅವನನ್ನು ಸಮಾಧಾನಪಡಿಸಿದ. ಸುಲ್ತಾನ ಮೂರು ಸಲ ಕವಿಯ ಬಾಯಿ ತುಂಬ ರತ್ನ ತುಂಬಿಸಿದನಂತೆ.

ನಿಜಾಮಿ ಈ ಕಥೆ ಹೇಳಿದ್ದು ಆಶುಕವಿತೆಯ ಶಕ್ತಿಯನ್ನು ತೋರಿಸಲು. ಮಹಮೂದನ ಮನಸ್ಸಿನಲ್ಲಿ ಅಯಾಜನ ಬಗ್ಗೆ ಎದ್ದ ಆಸೆಯನ್ನು ಅವನು ವಿವರಿಸಲು ಹೋಗುವುದಿಲ್ಲ. ಅದು ಓದುಗರಿಗೆ ಸಹಜವಾಗಿಯೇ ಅರ್ಥವಾಗುತ್ತದೆಂದು ಭಾವಿಸಿದ್ದಾನೆ. ಪಾಪವೆಂಬ ಭಯ ಇರುವುದು ಕೃತ್ಯದ ಬಗ್ಗೆ, ಒಲವಿನ ಬಗ್ಗೆ ಅಲ್ಲ. ಮುಂದೆ ಅತ್ತಾರ್, ಸಾದಿ, ರೂಮಿಯಂಥವರ ಕೈಯಲ್ಲಿ ಈ ಜೋಡಿ ಆಧ್ಯಾತ್ಮಿಕ ರೂಪಕವಾಗಿ ಬೆಳೆಯಿತು. ಗುಲಾಮನಿಗೆ ಮನಸೋತ ರಾಜ ತಾನೇ ಗುಲಾಮನಾಗುತ್ತಾನೆ ಎಂಬುದು ಕವಿಗಳಿಗೆ ಬಹಳ ಪ್ರಿಯವಾದ ವಸ್ತು. ಹೀಗಾಗಿ ಹದಿಮೂರನೆಯ ಶತಮಾನದ ದಿಲ್ಲಿಯಲ್ಲಿ ಓದಿದ ಯಾವ ಮನುಷ್ಯನಿಗೂ ಸುಲ್ತಾನ ಮತ್ತು ಗುಲಾಮನ ಪ್ರೇಮ ಹೊಸ ಸಂಗತಿಯಾಗಿರಲಿಲ್ಲ.

ಕಾಫೂರ್ ದಿಲ್ಲಿಗೆ ಬಂದದ್ದು ಲೂಟಿಯ ಭಾಗವಾಗಿ. 1299ರಲ್ಲಿ ಗುಜರಾತಿನ ಮೇಲೆ ದಂಡೆತ್ತಿ ಹೋದ ನುಸ್ರತ್ ಖಾನ್ ಖಂಭಾತ್ ಬಂದರಿನಲ್ಲಿ ಅವನನ್ನು ಅವನ ಯಜಮಾನನಿಂದ ಕಸಿದುಕೊಂಡು ತಂದು ಅಲ್ಲಾವುದ್ದೀನನಿಗೆ ಒಪ್ಪಿಸಿದ. ಸಾವಿರ ದೀನಾರಿಗೆ ಕೊಂಡ ಗುಲಾಮ ಎಂಬ ಅರ್ಥದಲ್ಲಿ ‘ಹಜಾರ್ ದೀನಾರಿ’ ಎಂದು ಅವನನ್ನು ಕರೆಯುತ್ತಿದ್ದರು. ಅವನು ಖೋಜಾ ಆಗಿದ್ದ. ಅಂದರೆ ವೃಷಣಗಳನ್ನು ಕತ್ತರಿಸಿದವನು. ಹತ್ತು ವರ್ಷಗಳ ಒಳಗೆ ಅವನು ಸಾಮ್ರಾಜ್ಯದ ಪ್ರಮುಖ ಸೇನಾನಿಯಾದ. ದೇವಗಿರಿಯ ರಾಮಚಂದ್ರ ದೇವನನ್ನು ಮಣಿಸಿದ. 1309-10ರಲ್ಲಿ ಓರುಗಲ್ಲಿಗೆ ಮುತ್ತಿಗೆ ಹಾಕಿ ಪ್ರತಾಪರುದ್ರನಿಂದ ಕಪ್ಪ ಪಡೆದ. ಮರುವರ್ಷವೇ ಹೊಯ್ಸಳರ ರಾಜಧಾನಿಗೆ ಬಂದ. ಆಗ ಮೂರನೆಯ ವೀರಬಲ್ಲಾಳ ಪಾಂಡ್ಯ ಸೋದರರ ಜಗಳದಲ್ಲಿ ಲಾಭ ಹುಡುಕುತ್ತ ತಮಿಳು ನಾಡಿನ ಕಡೆ ಹೋಗಿದ್ದ. ಹಿಂತಿರುಗಿ ಸಂಧಿ ಮಾಡಿಕೊಂಡು, ಸಂಪತ್ತು, ಆನೆ, ಕುದುರೆಗಳನ್ನು ಒಪ್ಪಿಸಿದ. ಅಲ್ಲಿಂದ ಕಾಫೂರ್ ಮಧುರೆಯ ಕಡೆ ನಡೆದು, ಅದೇ ವರ್ಷದ ಅಕ್ಟೋಬರಿನಲ್ಲಿ ದಿಲ್ಲಿಗೆ ಮರಳಿದ. ಈ ದಂಡಯಾತ್ರೆಗಳನ್ನು ಆ ಕಾಲದಲ್ಲೇ ಬರೆದಿಟ್ಟ ಅಮೀರ್ ಖುಸ್ರೊವಿನ ‘ಖಜಾಇನುಲ್ ಫುತೂಹ್’ನಲ್ಲಿ ಕಾಣುವ ಕಾಫೂರ್ ಶಿಸ್ತಿನ ದಳಪತಿ, ಅಂತಃಪುರದ ಗಾಳಿಮಾತು ಅಲ್ಲಿ ಸುಳಿಯುವುದಿಲ್ಲ. ಅದು ಸುಲ್ತಾನನಿಗೆ ಒಪ್ಪಿಸಲು ಬರೆದ ವಿಜಯಗಾಥೆ. ಹಾಗಾಗಿ ಅದರ ಮೌನ ಯಾವುದಕ್ಕೂ ಸಾಕ್ಷಿಯಾಗದು.

ಪ್ರೇಮದ ಮಾತು ಬರುವುದು ಚರಿತ್ರೆಕಾರ ಜಿಯಾವುದ್ದೀನ್ ಬರನಿಯ ‘ತಾರೀಖೆ ಫಿರೋಜ್ ಶಾಹಿ’ಯಲ್ಲಿ. ಅಲ್ಲಾವುದ್ದೀನ್ ತನ್ನ ಕೊನೆಯ ನಾಲ್ಕೈದು ವರ್ಷಗಳಲ್ಲಿ ಬುದ್ಧಿ, ಆರೋಗ್ಯ ಎರಡನ್ನೂ ಕಳೆದುಕೊಂಡು ಕಾಫೂರನಿಗೆ ಪೂರಾ ಮನಸೋತಿದ್ದ. ರಾಜ್ಯದ ಸಕಲ ಅಧಿಕಾರವನ್ನೂ ಆ ಅಯೋಗ್ಯನ ಕೈಗೆ ಕೊಟ್ಟುಬಿಟ್ಟಿದ್ದ ಎಂಬುದು ಬರನಿಯ ಹೇಳಿಕೆಯ ತಿರುಳು. ಅವನು ಕಾಫೂರನಿಗೆ ಬಳಸುವ ಪದಗಳು ಬೈಗುಳಗಳೇ. 1315ರಲ್ಲಿ ಸುಲ್ತಾನ ಹಾಸಿಗೆ ಹಿಡಿದಾಗ ಕಾಫೂರ್ ದೇವಗಿರಿಯಿಂದ ಬಂದು ಆಡಳಿತ ಹಿಡಿದ. ಸುಲ್ತಾನನ ಬೀಗನಾಗಿದ್ದ ಅಲ್ಪ್ ಖಾನನ ಕೊಲೆಯಾಯಿತು, ಪಟ್ಟದ ಮಗ ಖಿಜ್ರ್ ಖಾನ್ ಸೆರೆಯಾದ. 1316ರ ಜನವರಿಯಲ್ಲಿ ಅಲ್ಲಾವುದ್ದೀನ್ ಸತ್ತ. ಕಾಫೂರ್ ಐದಾರು ವರ್ಷದ ಮಗುವನ್ನು ಪಟ್ಟಕ್ಕೇರಿಸಿ, ದೊಡ್ಡ ರಾಜಕುಮಾರರ ಕಣ್ಣು ಕೀಳಿಸಿದ. ಅಧಿಕಾರ ಉಳಿದದ್ದು ಸುಮಾರು ಒಂದು ತಿಂಗಳು. ಅಲ್ಲಾವುದ್ದೀನನ ಕಾವಲುಭಟರೇ ಅವನನ್ನು ಕಡಿದು ಹಾಕಿದರು.

ಬರನಿ ಇದನ್ನು ಬರೆದು ಮುಗಿಸಿದ್ದು 1357ರಲ್ಲಿ, ಘಟನೆಗಳಾಗಿ ನಾಲ್ಕು ದಶಕಗಳ ಮೇಲೆ. ಆಗ ಅವನು ಆಸ್ಥಾನದ ಕೃಪೆ ಕಳೆದುಕೊಂಡ, ಬಡತನಕ್ಕೆ ಬಿದ್ದ ಮುದುಕ. ಹುಟ್ಟಿನಿಂದ ಕುಲೀನರಾದವರಿಗಷ್ಟೇ ಪದವಿ ಕೊಡಬೇಕು ಎಂಬುದು ಅವನ ಗಟ್ಟಿ ನಂಬಿಕೆ. ರಾಜನೀತಿಯ ಬಗ್ಗೆ ಅವನು ಬರೆದ ‘ಫತಾವಾ ಎ ಜಹಾಂದಾರಿ’ಯಲ್ಲಿ ಇದನ್ನೇ ಮತ್ತೆ ಮತ್ತೆ ಹೇಳುತ್ತಾನೆ. ಪೇಟೆಯಲ್ಲಿ ಕೊಂಡ ಗುಲಾಮನೊಬ್ಬ ಸಾಮ್ರಾಜ್ಯದ ಎರಡನೆಯ ಸ್ಥಾನಕ್ಕೆ ಏರಿದ್ದನ್ನು ಬರನಿ ಒಪ್ಪಿಕೊಳ್ಳಲು ಸಾಧ್ಯವಿರಲಿಲ್ಲ. ಅವನ ಲೆಕ್ಕದಲ್ಲಿ ಇದಕ್ಕೆ ಇರಬಹುದಾದ ವಿವರಣೆ ಒಂದೇ: ಸುಲ್ತಾನನಿಗೆ ಮರುಳು ಹಿಡಿದಿತ್ತು.

ಆದರೆ ಅಲ್ಲಾವುದ್ದೀನನ ಆಳ್ವಿಕೆಯಲ್ಲೇ ಇನ್ನೊಂದು ವಿವರಣೆ ಇದೆ. ಚಿಕ್ಕಪ್ಪನನ್ನು ಕೊಲ್ಲಿಸಿ ಗದ್ದುಗೆ ಹತ್ತಿದ ಅವನಿಗೆ ಸ್ವಂತ ಬಂಧುಗಳ ಬಂಡಾಯ ತಪ್ಪಲಿಲ್ಲ. ಅಮೀರರು ಪರಸ್ಪರ ಕೂಡುವುದನ್ನೂ, ಮದುವೆ ಸಂಬಂಧ ಬೆಳೆಸುವುದನ್ನೂ ಅವನು ಹತೋಟಿಯಲ್ಲಿಟ್ಟಿದ್ದ. ಮನೆತನವಿಲ್ಲದ, ಮಕ್ಕಳಾಗದ, ಪೂರ್ತಿಯಾಗಿ ತನ್ನನ್ನೇ ನೆಚ್ಚಿಕೊಂಡ ಖೋಜಾ ಸೇನಾನಿ ಅಂಥ ರಾಜನಿಗೆ ತೀರ ಅಗತ್ಯವಿದ್ದ ಮನುಷ್ಯ. ಇತಿಹಾಸಕಾರ ಬನಾರಸಿ ಪ್ರಸಾದ್ ಸಕ್ಸೇನಾ ಇಬ್ಬರ ನಿಕಟತೆಯನ್ನು ಲೈಂಗಿಕ ಸಂಬಂಧವೆಂದು ಭಾವಿಸಬೇಕಿಲ್ಲ ಎಂದು ವಾದಿಸಿದರು. ರೂತ್ ವನಿತಾ ಮತ್ತು ಸಲೀಂ ಕಿದ್ವಾಯಿ 2000ರಲ್ಲಿ ಸಂಪಾದಿಸಿದ, ಭಾರತದ ಸಲಿಂಗಪ್ರೇಮದ ಪಠ್ಯಗಳ ಸಂಕಲನದಲ್ಲಿ ಬರನಿಯ ಈ ಭಾಗಗಳಿಗೆ ಮುಖ್ಯ ಜಾಗ ಸಿಕ್ಕಿದೆ. ಬರನಿಯ ಮಾತಷ್ಟನ್ನೇ ನೆಚ್ಚಿ ಇವರಿಬ್ಬರೂ ಪ್ರೇಮಿಗಳೆಂದು ತೀರ್ಪು ಕೊಡಲಾಗದು. ಅವನ ಪಕ್ಷಪಾತ ಗೊತ್ತಿದೆ ಎಂಬುದಕ್ಕಾಗಿ ಅದನ್ನು ಪೂರಾ ತಳ್ಳಿಹಾಕುವುದೂ ನ್ಯಾಯವಲ್ಲ. ರಾಜಕೀಯ ಅವಲಂಬನೆ ಮತ್ತು ಒಲವು ಒಂದೇ ಮನುಷ್ಯನ ಬದುಕಿನಲ್ಲಿ ಜೊತೆಗಿರಬಲ್ಲವು. ಖಚಿತವಾಗಿ ಹೇಳಬಹುದಾದದ್ದೆಂದರೆ, ಓರುಗಲ್ಲು, ದ್ವಾರಸಮುದ್ರಗಳನ್ನು ಮಣಿಸಿದವನ ಏಳಿಗೆಗೆ ಪ್ರೇಮವೊಂದೇ ಕಾರಣ ಎಂಬ ಬರನಿಯ ವಾದ ನಿಲ್ಲುವುದಿಲ್ಲ.

ಅಲ್ಲಾವುದ್ದೀನನ ಮಗ ಕುತ್ಬುದ್ದೀನ್ ಮುಬಾರಕ್ ಷಾನ ವಿಷಯದಲ್ಲಿ ಇಷ್ಟು ಸಂದಿಗ್ಧವಿಲ್ಲ. 1316ರಲ್ಲಿ ಗದ್ದುಗೆಗೆ ಬಂದಾಗ ಅವನಿಗೆ ಇನ್ನೂ ಎಳೆ ವಯಸ್ಸು. ಮಾಳವದ ಯುದ್ಧದಲ್ಲಿ ಸೆರೆಸಿಕ್ಕು ಗುಲಾಮನಾಗಿದ್ದ ಹಸನ್ ಎಂಬ ತರುಣನಿಗೆ ಅವನು ಒಲಿದ. ಮೊದಲ ವರ್ಷದಲ್ಲೇ ಖುಸ್ರೊ ಖಾನ್ ಎಂಬ ಬಿರುದು ಕೊಟ್ಟ, ವಜೀರನನ್ನಾಗಿ ಮಾಡಿದ. ಹಸನ್ ಹುಟ್ಟಿದ್ದು ಗುಜರಾತಿನ ಬರಾಡು ಎಂಬ ಹಿಂದೂ ಸಮುದಾಯದಲ್ಲಿ. ಬರನಿಗೆ ಇದೂ ಅಸಹ್ಯದ ಮಾತೇ. ಸುಲ್ತಾನ ಹೆಣ್ಣಿನ ಉಡುಪು, ಒಡವೆ ತೊಟ್ಟು ಸಭೆಗೆ ಬರುತ್ತಿದ್ದ ಎಂದೂ ಅವನು ಬರೆದಿದ್ದಾನೆ.

ಇಬ್ಬರ ನಂಟು ಎಷ್ಟು ಬಹಿರಂಗವಾಗಿತ್ತು ಎಂಬುದಕ್ಕೆ ಬರನಿ ಕೊಡುವ ಒಂದು ಪ್ರಸಂಗ ಸಾಕು. ಖುಸ್ರೊ ಖಾನನನ್ನು ದಕ್ಷಿಣದ ಮಾಬರಿಗೆ ದಂಡಯಾತ್ರೆಗೆ ಕಳುಹಿಸಲಾಗಿತ್ತು. ಅವನು ಅಲ್ಲೇ ಸ್ವತಂತ್ರನಾಗಲು ಸಂಚು ಹೂಡುತ್ತಿದ್ದಾನೆ ಎಂದು ಜೊತೆಗಿದ್ದ ಹಿರಿಯ ಅಮೀರರು ದಿಲ್ಲಿಗೆ ದೂರು ಬರೆದರು. ಸುಲ್ತಾನ ಅವನನ್ನು ವಿಚಾರಣೆಗೆ ಕರೆಸಲಿಲ್ಲ. ಅಗಲಿಕೆ ತಾಳಲಾರದೆ ಕರೆಸಿಕೊಂಡ. ದೇವಗಿರಿಯಿಂದ ದಿಲ್ಲಿಯವರೆಗೆ ಬೋಯಿಗಳನ್ನು ಬದಲಾಯಿಸುತ್ತ ಪಲ್ಲಕ್ಕಿಯಲ್ಲಿ ಏಳೇ ದಿನಗಳಲ್ಲಿ ಹೊತ್ತು ತಂದರು. ಶಿಕ್ಷೆಯಾದದ್ದು ದೂರು ಕೊಟ್ಟ ಅಮೀರರಿಗೆ.

ಇಲ್ಲಿ ಬರನಿ ತನಗೇ ತಿಳಿಯದಂತೆ ಬಹಳ ಬೆಲೆಯುಳ್ಳ ಒಂದು ಮಾತು ಹೇಳಿಬಿಡುತ್ತಾನೆ. ಖುಸ್ರೊ ಹೊರಗೆ ಸುಲ್ತಾನನಿಗೆ ಮೈ ಒಪ್ಪಿಸಿಕೊಂಡಿದ್ದರೂ, ತನ್ನ ಮೇಲೆ ನಡೆಯುತ್ತಿದ್ದ ಬಲವಂತಕ್ಕಾಗಿ ಒಳಗೊಳಗೇ ಕುದಿಯುತ್ತಿದ್ದ, ಸೇಡಿಗೆ ಕಾಯುತ್ತಿದ್ದ ಎಂಬ ಮಾತದು. ಗುಲಾಮನ ದ್ರೋಹವನ್ನು ತೋರಿಸಲು ಬರೆದ ವಾಕ್ಯದಲ್ಲಿ ಗುಲಾಮನ ನೋವು ದಾಖಲಾಗಿದೆ. ಯಜಮಾನನ ಕಡೆಯಿಂದ ಪ್ರೇಮವಾಗಿದ್ದದ್ದು ಕೊಂಡುತಂದವನ ಕಡೆಯಿಂದ ಏನಾಗಿತ್ತು ಎಂಬ ಪ್ರಶ್ನೆಯನ್ನು ಬಿಟ್ಟು ಈ ಸಂಬಂಧಗಳನ್ನು ಸಂಭ್ರಮಿಸುವುದು ಸರಿಯಲ್ಲ. ಮಹಮೂದ್–ಅಯಾಜರ ಮಧುರ ಕಥೆಗಳನ್ನೂ ಈ ವಾಕ್ಯದ ನೆನಪಿಟ್ಟುಕೊಂಡೇ ಓದಬೇಕು.

1320ರ ಜುಲೈನ ಒಂದು ರಾತ್ರಿ ಸಾವಿರ ಕಂಬಗಳ ಅರಮನೆಯೊಳಕ್ಕೆ ಖುಸ್ರೊವಿನ ಕಡೆಯವರು ನುಗ್ಗಿದರು. ತನ್ನ ಬಂಧುಗಳು ರಾತ್ರಿ ತನ್ನನ್ನು ನೋಡಲು ಬರಬೇಕೆಂದು ಹೇಳಿ ಅವನು ಮೊದಲೇ ಬಾಗಿಲಿಗೆ ಅಪ್ಪಣೆ ಪಡೆದಿದ್ದ. ಎಚ್ಚರಿಸಿದ ಹಳೆಯ ಗುರುವಿನ ಮಾತನ್ನು ಸುಲ್ತಾನ ಕಿವಿಗೆ ಹಾಕಿಕೊಂಡಿರಲಿಲ್ಲ. ಗದ್ದಲ ಕೇಳಿ ಅಂತಃಪುರದ ಕಡೆ ಓಡಿದವನ ಕೂದಲು ಹಿಡಿದು ನಿಲ್ಲಿಸಿದ್ದು ಸ್ವತಃ ಖುಸ್ರೊ. ಇರಿದದ್ದು ಅವನ ಸಂಗಾತಿ. ಖುಸ್ರೊ ನಾಸಿರುದ್ದೀನ್ ಎಂಬ ಹೆಸರಿನಲ್ಲಿ ಎರಡು ತಿಂಗಳು ಆಳಿದ, ತನ್ನ ಹೆಸರಿನ ನಾಣ್ಯವನ್ನೂ ಹೊರಡಿಸಿದ. ಸೆಪ್ಟೆಂಬರಿನಲ್ಲಿ ಸೇನಾನಿ ಘಾಜಿ ಮಲಿಕ್ ಅವನನ್ನು ಸೋಲಿಸಿ ಕೊಂದು, ಘಿಯಾಸುದ್ದೀನ್ ತುಘಲಕ್ ಆಗಿ ಹೊಸ ಮನೆತನವನ್ನು ಆರಂಭಿಸಿದ. ಗೆದ್ದವರಿಗೆ ಖಿಲ್ಜಿಗಳು ಒಲವಿನ ಹುಚ್ಚಿನಿಂದ ಕೆಟ್ಟರು ಎಂಬ ಕಥೆ ಅನುಕೂಲವಾಗಿತ್ತು.

ಬೇರೆಯವರ ಬಗ್ಗೆ ಬರೆದ ಇಂಥ ಬರಹಗಳ ಎದುರಿಗೆ ಬಾಬರನ ಆತ್ಮಕಥೆಯ ಎರಡು ಮೂರು ಪುಟಗಳನ್ನು ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಚಗತಾಯಿ ತುರ್ಕಿಯಲ್ಲಿ ಅವನೇ ಬರೆದ ಈ ಪುಸ್ತಕವನ್ನು 1589ರಲ್ಲಿ ಅಬ್ದುರ್ ರಹೀಮ್ ಖಾನೆಖಾನಾ ಪರ್ಷಿಯನ್ನಿಗೆ ತಂದ. 1499-1500ರ ಘಟನೆಗಳನ್ನು ಹೇಳುವಾಗ ಬಾಬರ್ ತನ್ನ ಮದುವೆಯ ಮಾತೆತ್ತುತ್ತಾನೆ. ಆಗ ಅವನಿಗೆ ಹದಿನೇಳು. ಆಯಿಷಾ ಸುಲ್ತಾನ್ ಬೇಗಂಳ ಹತ್ತಿರ ಹೋಗಲು ಅವನಿಗೆ ನಾಚಿಕೆ; ಮೊದಮೊದಲು ಹತ್ತು ಹದಿನೈದು ದಿನಗಳಿಗೊಮ್ಮೆ ಹೋಗುತ್ತಿದ್ದವನು ಬರಬರುತ್ತ ಅದನ್ನೂ ಬಿಟ್ಟ. ತಾಯಿ ಖುತ್ಲುಘ್ ನಿಗಾರ್ ಖಾನುಂ ಗದರಿಸಿ ಕಳುಹಿಸಬೇಕಾಗುತ್ತಿತ್ತು.

ಅದೇ ದಿನಗಳಲ್ಲಿ ದಂಡಿನ ಪೇಟೆಯ ಬಾಬುರಿ ಎಂಬ ಹುಡುಗ ಅವನ ಕಣ್ಣಿಗೆ ಬಿದ್ದ. ಅದಕ್ಕೆ ಮೊದಲು ಯಾರ ಮೇಲೂ ತನಗೆ ಅಂಥ ಆಸೆ ಹುಟ್ಟಿರಲಿಲ್ಲ ಎನ್ನುತ್ತಾನೆ ಬಾಬರ್. ಹುಡುಗ ಎದುರಿಗೆ ಬಂದರೆ ತಲೆಯೆತ್ತಿ ನೋಡಲಾರದಷ್ಟು ಸಂಕೋಚ, ಮಾತಂತೂ ದೂರವೇ ಉಳಿಯಿತು. ಒಂದು ದಿನ ಗೆಳೆಯರ ಜೊತೆ ಓಣಿಯಲ್ಲಿ ಹೋಗುತ್ತಿದ್ದಾಗ ಬಾಬುರಿ ಇದ್ದಕ್ಕಿದ್ದಂತೆ ಎದುರಾದ. ಬಾಬರನಿಗೆ ಕಾಲು ಕದಲಲಿಲ್ಲ, ಒಂದು ಪದ್ಯ ಮಾತ್ರ ನೆನಪಿಗೆ ಬಂತು. ಮುಂದೆ ಬರಿತಲೆ, ಬರಿಗಾಲಿನಲ್ಲಿ ಬೀದಿ, ತೋಟಗಳಲ್ಲಿ ಅಲೆದ. ಇದಿಷ್ಟೇ ಕಥೆ. ನಡುವಯಸ್ಸಿಗೆ ಬಂದ ಬಾದಶಾಹ ತನ್ನ ಹರೆಯದ ಪೇಚಾಟವನ್ನು ಮುಚ್ಚುಮರೆಯಿಲ್ಲದೆ ದಾಖಲಿಸಿದ್ದಾನೆ. ಇದೇ ಪುಸ್ತಕದಲ್ಲಿ ತನ್ನ ದೊಡ್ಡಪ್ಪ ಸುಲ್ತಾನ್ ಮಹಮೂದ್ ಮಿರ್ಜಾ ಸುಂದರ ಹುಡುಗರನ್ನು ಬಲವಂತವಾಗಿ ತರಿಸಿ ಇಟ್ಟುಕೊಳ್ಳುತ್ತಿದ್ದುದನ್ನು ಅವನು ಕಟುವಾಗಿ ಖಂಡಿಸುತ್ತಾನೆ. ದೂರದಿಂದ ಪಟ್ಟ ವಿರಹಕ್ಕೂ ಅಧಿಕಾರದ ದುರ್ಬಳಕೆಗೂ ಬಾಬರನ ಮನಸ್ಸಿನಲ್ಲಿ ಸ್ಪಷ್ಟವಾದ ಗೆರೆಯಿತ್ತು.

ಆ ಗೆರೆ ದಾಟಿದಾಗ ಏನಾಗಬಹುದು ಎಂಬುದು ಬಿಜಾಪುರದ ಅರಮನೆಯಲ್ಲಿ ಕಂಡಿತು. ತಾಳಿಕೋಟೆಯ ಯುದ್ಧದಲ್ಲಿ ಗೆದ್ದವರಲ್ಲಿ ಒಬ್ಬನಾದ, ಗಗನ್ ಮಹಲ್ ಕಟ್ಟಿಸಿದ ಒಂದನೆಯ ಅಲಿ ಆದಿಲ್ ಷಾ 1580ರಲ್ಲಿ ಕೊಲೆಯಾದ. ಒಂಬತ್ತು ವರ್ಷಗಳ ನಂತರ ಬಿಜಾಪುರಕ್ಕೆ ಬಂದು ನೆಲೆಸಿದ ಚರಿತ್ರೆಕಾರ ಫೆರಿಷ್ತಾ ಇದರ ವಿವರ ಬರೆದಿದ್ದಾನೆ. ಬೀದರಿನ ಅಲಿ ಬರೀದನ ಬಳಿ ಇಬ್ಬರು ರೂಪವಂತ ಖೋಜಾಗಳಿದ್ದರು. ಬಿಜಾಪುರದ ಸುಲ್ತಾನ ಅವರನ್ನು ಕೇಳಿದ, ಬರೀದ್ ಕೊಡಲೊಪ್ಪಲಿಲ್ಲ. ಅಹಮದ್‌ನಗರದ ಸೈನ್ಯ ಬೀದರಿಗೆ ಮುತ್ತಿಗೆ ಹಾಕಿ ಬಿಜಾಪುರದ ನೆರವು ಬೇಕಾದಾಗ ಆ ಇಬ್ಬರೇ ನೆರವಿನ ಬೆಲೆಯಾದರು. ಬಿಜಾಪುರಕ್ಕೆ ಬಂದ ಮೊದಲ ರಾತ್ರಿಯೇ ಇಬ್ಬರಲ್ಲಿ ಹಿರಿಯನು ಅಡಗಿಸಿಟ್ಟುಕೊಂಡಿದ್ದ ಚೂರಿಯಿಂದ ಸುಲ್ತಾನನನ್ನು ಇರಿದ. ಇದನ್ನು ಪ್ರೇಮಕಥೆಗಳ ಸಾಲಿಗೆ ಸೇರಿಸುವ ಹಾಗಿಲ್ಲ. ಇದು ಸರಕಾಗಿ ಕೈಬದಲಾದ ಮನುಷ್ಯನ ಪ್ರತಿರೋಧ, ಮತ್ತು ಕನ್ನಡ ನೆಲದ ಇತಿಹಾಸದಲ್ಲಿ ಇದಕ್ಕೆ ಇನ್ನೂ ಹೆಚ್ಚಿನ ಗಮನ ಸಲ್ಲಬೇಕು.

ಅರಮನೆ ಬಿಟ್ಟು ದರ್ಗಾಗಳ ಕಡೆ ಹೊರಳಿದರೆ ದನಿಯೇ ಬೇರೆ. ಲಾಹೋರಿನ ನೇಕಾರ ಮನೆತನದಲ್ಲಿ 1538ರಲ್ಲಿ ಹುಟ್ಟಿದ ಷಾ ಹುಸೇನ್ ಪಂಜಾಬಿಯ ದೊಡ್ಡ ಸೂಫಿ ಕವಿ. ಕೆಂಪು ಬಟ್ಟೆ ತೊಟ್ಟು, ಬೀದಿಯಲ್ಲಿ ಕುಣಿದು, ಮದ್ಯ ಕುಡಿದು, ಜನರ ನಿಂದೆಯನ್ನೇ ಸಾಧನೆಯ ದಾರಿ ಮಾಡಿಕೊಂಡವನು. ಷಾಹದರಾದ ಮಾಧೋ ಲಾಲ್ ಎಂಬ ಬ್ರಾಹ್ಮಣ ತರುಣನಿಗೆ ಅವನು ಮನಸೋತು ಅವನ ಮನೆಯ ಸುತ್ತ ಅಲೆದದ್ದನ್ನೂ, ಕಾಲಕ್ರಮದಲ್ಲಿ ಇಬ್ಬರೂ ಒಂದಾಗಿ ಬಾಳಿದ್ದನ್ನೂ 1662ರಲ್ಲಿ ರಚಿತವಾದ ‘ಹಕೀಕತುಲ್ ಫುಕರಾ’ ಎಂಬ ಜೀವನಕಾವ್ಯ ಭಕ್ತಿಯಿಂದ ಹಾಡುತ್ತದೆ. ಚರಿತ್ರೆಕಾರನ ಕೈಯಲ್ಲಿ ಕಳಂಕವಾದದ್ದು ಇಲ್ಲಿ ಪವಾಡ. ಹುಸೇನ್ 1599ರಲ್ಲಿ ತೀರಿಕೊಂಡ. ಶಾಲಿಮಾರ್ ತೋಟದ ಬಳಿಯ ಬಾಗ್‌ಬಾನ್‌ಪುರದಲ್ಲಿ ಇಬ್ಬರ ಗೋರಿಗಳು ಒಂದರ ಪಕ್ಕದಲ್ಲಿ ಒಂದಿವೆ. ಲೋಕದ ಬಾಯಲ್ಲಿ ಸಂತನ ಹೆಸರು ‘ಮಾಧೋ ಲಾಲ್ ಹುಸೇನ್’ ಎಂದೇ ನಿಂತಿದೆ. ಮಾರ್ಚ್ ಕೊನೆಯಲ್ಲಿ ಅಲ್ಲಿ ನಡೆಯುವ ದೀಪಗಳ ಜಾತ್ರೆ, ಮೇಲಾ ಚಿರಾಘಾನ್, ಲಾಹೋರಿನ ದೊಡ್ಡ ಹಬ್ಬಗಳಲ್ಲೊಂದು. ಭಕ್ತರಲ್ಲಿ ಬಹುಪಾಲು ಜನ ಇದನ್ನು ಗುರುಶಿಷ್ಯರ ನಂಟೆಂದು ಕಾಣುತ್ತಾರೆ. ಇಂದಿನ ಸಲಿಂಗಪ್ರೇಮಿಗಳು ಇದರಲ್ಲಿ ತಮ್ಮ ಪೂರ್ವಿಕರನ್ನು ಕಾಣುತ್ತಾರೆ. ಹುಸೇನನ ಕಾವ್ಯ ಎರಡಕ್ಕೂ ಎಡೆಕೊಡುತ್ತದೆ.

ಸಂತ ಸರ್ಮದನದು ಇನ್ನೂ ವಿಶಿಷ್ಟವಾದ ಕಥೆ. ಪರ್ಷಿಯಾದ ಯಹೂದಿ ಕುಟುಂಬದಲ್ಲಿ ಹುಟ್ಟಿ, ವ್ಯಾಪಾರಕ್ಕಾಗಿ 1630ರ ದಶಕದಲ್ಲಿ ಸಿಂಧದ ಥಟ್ಟಾಕ್ಕೆ ಬಂದವನು ಅಭಯಚಂದ ಎಂಬ ಹಿಂದೂ ತರುಣನನ್ನು ಕಂಡು ವ್ಯಾಪಾರವನ್ನೂ ಬಟ್ಟೆಯನ್ನೂ ತೊರೆದ. ಮೊದಲು ಅಡ್ಡಿಪಡಿಸಿದ ಹುಡುಗನ ತಂದೆ ಆಮೇಲೆ ಒಪ್ಪಿದ. ಇಬ್ಬರೂ ಲಾಹೋರು, ಗೋಲ್ಕೊಂಡಗಳನ್ನು ಸುತ್ತಿದರು. ‘ದಬಿಸ್ತಾನೆ ಮಜಾಹಿಬ್’ ಎಂಬ ಧರ್ಮಗಳ ಕೋಶವನ್ನು ಬರೆದವನು 1647ರಲ್ಲಿ ಹೈದರಾಬಾದಿನಲ್ಲಿ ಸರ್ಮದನನ್ನು ಭೇಟಿಯಾದ. ಸರ್ಮದನಿಂದ ಯಹೂದಿ ಧರ್ಮಗ್ರಂಥ ಕಲಿತ ಅಭಯಚಂದ, ಅದರ ಆರಂಭದ ಭಾಗವನ್ನು ಪರ್ಷಿಯನ್ನಿಗೆ ಅನುವಾದಿಸಿದ್ದ. ಅದು ಆ ಕೋಶದಲ್ಲಿ ಸೇರಿದೆ. ಈ ಎಲ್ಲ ಕಥೆಗಳಲ್ಲಿ ಪ್ರೀತಿಸಲ್ಪಟ್ಟವರು ಬೇರೆಯವರ ವಾಕ್ಯಗಳಲ್ಲಷ್ಟೇ ಬದುಕಿದ್ದಾರೆ. ಅಭಯಚಂದನೊಬ್ಬನ ಬರಹವನ್ನು ಮಾತ್ರ ಇಂದಿಗೂ ತೆರೆದು ಓದಬಹುದು. ತನ್ನ ಅಣ್ಣ ದಾರಾ ಶಿಕೋಹನ ಆಪ್ತನಾಗಿದ್ದ ಸರ್ಮದನನ್ನು ಔರಂಗಜೇಬ 1661ರ ಸುಮಾರಿಗೆ ಕೊಲ್ಲಿಸಿದ. ಬೆತ್ತಲೆತನ, ಧರ್ಮನಿಂದೆಗಳು ಆರೋಪಗಳಾಗಿದ್ದವು. ಅಭಯಚಂದನ ಮೇಲಿನ ಪ್ರೇಮ ಆರೋಪವಾಗಿರಲಿಲ್ಲ. ದಿಲ್ಲಿಯ ಜಾಮಾ ಮಸೀದಿಯ ಪೂರ್ವದ ಬಾಗಿಲ ಬಳಿ ಅವನ ಗೋರಿಗೆ ಈಗಲೂ ಜನ ಹೂವು ಹೊದಿಸುತ್ತಾರೆ.

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಬಗೆಯ ಬರಹಗಳ ಸುತ್ತ ಮುಜುಗರ ಬೆಳೆಯಿತು. 1860ರ ಭಾರತೀಯ ದಂಡ ಸಂಹಿತೆಯ 377ನೆಯ ಕಲಮು ಪ್ರಕೃತಿವಿರುದ್ಧ ಸಂಭೋಗವನ್ನು ಅಪರಾಧವಾಗಿಸಿತು. 1893ರಲ್ಲಿ ಅಲ್ತಾಫ್ ಹುಸೇನ್ ಹಾಲಿ ಉರ್ದು ಕಾವ್ಯದ ಸುಧಾರಣೆಗೆಂದು ಬರೆದ ಪ್ರಸಿದ್ಧ ಮುನ್ನುಡಿಯಲ್ಲಿ, ಘಜಲುಗಳಲ್ಲಿ ಗಂಡು ಗಂಡಿನ ರೂಪವನ್ನು ವರ್ಣಿಸುವ ರೂಢಿಯನ್ನು ಟೀಕಿಸಿದ. ವಸಾಹತು ಕಾಲದ ಇತಿಹಾಸಗಳಲ್ಲಿ ಮುಬಾರಕ್ ಷಾನಂಥವರು ಪೌರ್ವಾತ್ಯ ಭ್ರಷ್ಟತೆಗೆ ಉದಾಹರಣೆಗಳಾದರು. ರಾಷ್ಟ್ರೀಯತೆಯ ಕಾಲದ ಭಾರತೀಯ ಇತಿಹಾಸಕಾರರು ಆ ಪುಟಗಳನ್ನು ಒಂದು ವಾಕ್ಯದಲ್ಲಿ ದಾಟಿಬಿಡುವುದನ್ನು ರೂಢಿ ಮಾಡಿಕೊಂಡರು. ಒಂದು ಕಡೆ ಅಪಹಾಸ್ಯ, ಇನ್ನೊಂದು ಕಡೆ ಮೌನ. ಮೂಲಪಠ್ಯಗಳನ್ನು ನಿಧಾನವಾಗಿ ಓದುವ ಕೆಲಸ ಇಪ್ಪತ್ತನೆಯ ಶತಮಾನದ ಕೊನೆಯವರೆಗೆ ಕಾಯಬೇಕಾಯಿತು.

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ವಯಸ್ಕರ ಸಮ್ಮತಿಯ ಸಲಿಂಗ ಸಂಬಂಧ ಅಪರಾಧವಲ್ಲ ಎಂದು ತೀರ್ಪಿತ್ತಿತು. ಅದೇ ವರ್ಷದ ಜನವರಿಯಲ್ಲಿ ತೆರೆಕಂಡ ‘ಪದ್ಮಾವತ್’ ಹಿಂದಿ ಚಿತ್ರದಲ್ಲಿ ಮಲಿಕ್ ಕಾಫೂರ್ ಪ್ರಮುಖ ಪಾತ್ರ. ಅಲ್ಲಿ ಅವನು ಕ್ರೂರಿ ಸುಲ್ತಾನನ ಹಿಂದೆ ಮುಂದೆ ಸುಳಿದಾಡುವ, ಅವನಿಗಾಗಿ ಕೊಲೆ ಮಾಡಲೂ ಹೇಸದ ಪ್ರೇಮಪೀಡಿತ ಗುಲಾಮ. ಓರುಗಲ್ಲಿನ ಮುತ್ತಿಗೆ, ಹೊಯ್ಸಳರೊಂದಿಗಿನ ಸಂಧಿ, ಅಮೀರ್ ಖುಸ್ರೊ ವರ್ಣಿಸಿದ ದಂಡಯಾತ್ರೆಗಳು ಅಲ್ಲಿಲ್ಲ. ಆರೂವರೆ ಶತಮಾನಗಳ ಹಿಂದೆ ಬರನಿ ದ್ವೇಷದಿಂದ ಬರೆದ ಚಿತ್ರವೇ ಬಹುತೇಕ ಹಾಗೆಯೇ ಕೋಟ್ಯಂತರ ಪ್ರೇಕ್ಷಕರ ಮುಂದೆ ಬಂದಿದೆ.